ತುಮಕೂರಿನ ಬಿಡಿ ಮನೆಗಳನ್ನು ಕೊಳ್ಳುತ್ತಿರುವವರು ಯಾರು? ಹೂಡಿಕೆಯ ಮನೆಗಳು ಮತ್ತು ಬಾಡಿಗೆಯ ಬಗ್ಗೆ ಒಂದು ಚರ್ಚೆ

ಶೆಟ್ಟಿಹಳ್ಳಿ ನಿವಾಸಿ

ನಮ್ಮ ರಸ್ತೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಕೈ ಬದಲಾದ ಮನೆಗಳನ್ನು ಒಂದೊಂದಾಗಿ ನೆನೆದರೆ, ಕೊಂಡವರ ಪೈಕಿ ಅಲ್ಲೇ ಬಂದು ನೆಲೆಸಿದವರು ತೀರಾ ಕಡಿಮೆ. ಗೇಟಿಗೆ ಕಟ್ಟಿದ ಟು-ಲೆಟ್ ಬೋರ್ಡಿನ ಸಂಖ್ಯೆಗೆ ಕರೆ ಮಾಡಿದರೆ ಮಾತಿಗೆ ಸಿಗುವವರು ರಾಜಾಜಿನಗರದಲ್ಲೋ ನಾಗರಬಾವಿಯಲ್ಲೋ ಇರುತ್ತಾರೆ. ಬೀಗದ ಕೈ ಮಾತ್ರ ಎದುರಿನ ಅಂಗಡಿಯಲ್ಲಿ ಇರುತ್ತದೆ. ನಾನು ಹೇಳುತ್ತಿರುವುದು ಅಪಾರ್ಟ್‌ಮೆಂಟುಗಳ ವಿಷಯವಲ್ಲ. 30×40ರ ನಿವೇಶನದಲ್ಲಿ ಕೆಳಗೊಂದು, ಮೇಲೊಂದು ಸಂಸಾರ ಇರುವಂತೆ ಕಟ್ಟಿದ, ನಮ್ಮೂರಿನ ಮೇಷ್ಟರು, ಗುಮಾಸ್ತರು, ಅಂಗಡಿಯವರು ನಿವೃತ್ತಿಯ ಹೊತ್ತಿಗಾದರೂ ಒಂದನ್ನು ಮಾಡಿಕೊಳ್ಳಬೇಕೆಂದು ಆಸೆಪಡುವ ಬಿಡಿ ಮನೆಗಳ ವಿಷಯ.

ಇಲ್ಲಿ ಬಾಡಿಗೆಗೆ ಬೇಡಿಕೆ ಏಕೆ ಇದೆ ಎಂಬುದು ಗುಟ್ಟೇನಲ್ಲ. ವಸಂತನರಸಾಪುರ ಕೈಗಾರಿಕಾ ಪ್ರದೇಶ, 2023ರ ಫೆಬ್ರುವರಿಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು, ಬೆಳಗಿನ ರೈಲಿನಲ್ಲಿ ಯಶವಂತಪುರಕ್ಕೆ ಹೋಗಿ ರಾತ್ರಿ ಮರಳುವ ಪಾಸಿನವರು, ಇವರೆಲ್ಲರಿಗೂ ಮನೆ ಬೇಕು. ಇದರ ಮೇಲೆ, 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದ ಮೆಟ್ರೊವನ್ನು ನಮ್ಮೂರಿನವರೆಗೆ ತರುವ ಪ್ರಸ್ತಾಪ ಒಂದಿದೆ. ಹಳಿ ಬೀಳುವುದು ಯಾವಾಗಲೋ ಏನೋ, ನಿವೇಶನದ ಬೆಲೆಯಲ್ಲಂತೂ ಅದು ಈಗಾಗಲೇ ಸೇರಿಬಿಟ್ಟಿದೆ.

ನನ್ನ ಪ್ರಶ್ನೆ ಇಷ್ಟು: ವಾಸಕ್ಕಲ್ಲದೆ ಹೂಡಿಕೆಗಾಗಿಯೇ ಮನೆ ಕೊಳ್ಳುವವರಿಂದ ಊರಿನವರಿಗೆ ಮನೆ ಕೈಗೆಟುಕದಂತೆ ಆಗುತ್ತಿದೆಯೇ? ಆಗುತ್ತಿದ್ದರೆ ಹೇಗೆ? ಊಹೆಗಿಂತ ಲೆಕ್ಕ ಬಲ್ಲವರು, ಕಾನೂನು ಬಲ್ಲವರು ಬರೆದರೆ ಉಪಕಾರವಾಗುತ್ತದೆ.

ನಿವೃತ್ತ ಬ್ಯಾಂಕ್ ನೌಕರ

ಮೊದಲು ಲೆಕ್ಕವನ್ನೇ ನೋಡೋಣ. ಉದಾಹರಣೆಗೆ ನೀವು ಹೇಳಿದಂಥ ಎರಡು ಮಹಡಿಯ ಮನೆಗೆ ₹80 ಲಕ್ಷ ಬೆಲೆ ಎಂದಿಟ್ಟುಕೊಳ್ಳಿ. ಕೆಳಗಿನ ಮನೆಗೆ ₹12,000, ಮೇಲಿನದಕ್ಕೆ ₹10,000 ಬಾಡಿಗೆ ಬಂದರೆ ವರ್ಷಕ್ಕೆ ₹2.64 ಲಕ್ಷ, ಅಂದರೆ ಹಾಕಿದ ಹಣದ ಮೇಲೆ ಶೇ 3.3. ಕಂದಾಯ, ಬಣ್ಣ, ಬೋರ್‌ವೆಲ್ ಮೋಟರಿನ ರಿಪೇರಿ, ಬಾಡಿಗೆದಾರರು ಬದಲಾಗುವಾಗ ಖಾಲಿ ಬೀಳುವ ತಿಂಗಳು ಇವನ್ನೆಲ್ಲ ಕಳೆದರೆ ಶೇ 3ಕ್ಕಿಂತ ಕೆಳಗಿಳಿಯುತ್ತದೆ. ಅದೇ ಹಣಕ್ಕೆ ನಿಶ್ಚಿತ ಠೇವಣಿಯಲ್ಲಿ ಇದರ ಎರಡರಷ್ಟು ಬಡ್ಡಿ ಸಿಗುತ್ತದೆ. ಸಾಲ ಮಾಡಿ ಕೊಂಡರೆ ಮೊದಲ ವರ್ಷಗಳ ಬಡ್ಡಿಗೇ ಬಾಡಿಗೆ ಸಾಲದು.

ಹಾಗಾದರೆ ಬುದ್ಧಿವಂತರು ಏಕೆ ಕೊಳ್ಳುತ್ತಾರೆ? ಬಾಡಿಗೆಯ ಆಸೆಗಲ್ಲ, ನೆಲದ ಬೆಲೆ ಏರುತ್ತದೆಂಬ ನಂಬಿಕೆಗೆ. ಬಾಡಿಗೆ ಎಂಬುದು ಅವರಿಗೆ ಕಾಯುವ ಕಾಲದ ಕೈಖರ್ಚು. ಈ ಒಂದು ಸಂಗತಿಯಿಂದ ಮೂರು ವಿಷಯ ತಾನಾಗಿ ಅರ್ಥವಾಗುತ್ತದೆ. ಇಂಥ ಮಾಲೀಕರಿಗೆ ಮನೆ ಖಾಲಿ ಬಿದ್ದರೂ ದೊಡ್ಡ ಚಿಂತೆಯಿಲ್ಲ. ಸೋರುವ ಮಾಡನ್ನು ಸರಿಪಡಿಸಲು ಅವಸರವಿಲ್ಲ. ದೊಡ್ಡ ಕಂಪನಿಗಳು ಈ ವ್ಯವಹಾರಕ್ಕೆ ಇಳಿಯುವುದೂ ಇಲ್ಲ, ಏಕೆಂದರೆ ಅವುಗಳ ಹೂಡಿಕೆದಾರರಿಗೆ ವರ್ಷವರ್ಷವೂ ಆದಾಯ ತೋರಿಸಬೇಕು. ನಮ್ಮ ದೇಶದ ಮೊದಲ ರೀಟ್ (ಕಟ್ಟಡಗಳ ಬಾಡಿಗೆ ಆದಾಯವನ್ನು ಹೂಡಿಕೆದಾರರಿಗೆ ಹಂಚುವ ಟ್ರಸ್ಟ್) 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂದದ್ದು ಬೆಂಗಳೂರಿನಿಂದ. ಅದರ ಕೈಯಲ್ಲಿದ್ದದ್ದು ಕಚೇರಿ ಕಟ್ಟಡಗಳು, ಜನ ವಾಸಿಸುವ ಮನೆಗಳಲ್ಲ. ಅದರ ಪ್ರವರ್ತಕರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್ ಕೂಡ ಒಂದು. ಅದೇ ಬ್ಲ್ಯಾಕ್‌ಸ್ಟೋನ್ ತನ್ನ ದೇಶದಲ್ಲಿ ಸಾವಿರಾರು ಬಿಡಿ ಮನೆಗಳನ್ನು ಕೊಂಡಿತ್ತು ಎಂಬುದು ಗಮನಿಸಬೇಕಾದ ವಿಷಯ.

ಅಟ್ಲಾಂಟಾದಲ್ಲಿರುವ ತುಮಕೂರಿನವ

ಮೇಲಿನವರು ಬ್ಲ್ಯಾಕ್‌ಸ್ಟೋನ್ ಹೆಸರು ಎತ್ತಿದ್ದರಿಂದ ಇಲ್ಲಿಯ ಕಥೆಯನ್ನು ಹೇಳುತ್ತೇನೆ, ಏಕೆಂದರೆ ನಾನಿರುವ ಊರೇ ಅದರ ಕೇಂದ್ರ. 2008ರ ಬಿಕ್ಕಟ್ಟಿನ ನಂತರ ಸಾಲ ತೀರಿಸಲಾಗದ ಲಕ್ಷಾಂತರ ಸಂಸಾರಗಳ ಮನೆಗಳು ಅಮೆರಿಕದಲ್ಲಿ ಹರಾಜಿಗೆ ಬಂದವು. 2012ರ ಸುಮಾರಿಗೆ ದೊಡ್ಡ ಹೂಡಿಕೆ ಸಂಸ್ಥೆಗಳು ಅವನ್ನು ಸಗಟಾಗಿ ಕೊಂಡು ಬಾಡಿಗೆಗೆ ಬಿಡತೊಡಗಿದವು. ಬ್ಲ್ಯಾಕ್‌ಸ್ಟೋನ್ ಹುಟ್ಟುಹಾಕಿದ ಇನ್ವಿಟೇಷನ್ ಹೋಮ್ಸ್ 2017ರಲ್ಲಿ ಷೇರುಪೇಟೆಗೆ ಬಂದು, ಅದೇ ವರ್ಷ ಇನ್ನೊಂದು ಕಂಪನಿಯೊಡನೆ ವಿಲೀನವಾಗಿ 80 ಸಾವಿರದಷ್ಟು ಮನೆಗಳ ಒಡೆಯನಾಯಿತು.

ಇಡೀ ದೇಶದ ಲೆಕ್ಕ ತೆಗೆದರೆ ಇಂಥ ದೊಡ್ಡ ಸಂಸ್ಥೆಗಳ ಪಾಲು ಬಾಡಿಗೆಯ ಬಿಡಿ ಮನೆಗಳಲ್ಲಿ ಶೇ 3-4ರ ಆಸುಪಾಸು. ಉಳಿದವುಗಳಲ್ಲಿ ಹೆಚ್ಚಿನವು ಒಂದೆರಡು ಮನೆ ಇಟ್ಟುಕೊಂಡ ಸಾಮಾನ್ಯರ ಕೈಯಲ್ಲಿವೆ. ಆದರೆ ಆ ದೊಡ್ಡ ಸಂಸ್ಥೆಗಳು ದೇಶದಾದ್ಯಂತ ಸಮನಾಗಿ ಹರಡಿಕೊಂಡಿಲ್ಲ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, 2022ರಲ್ಲಿ ಅಟ್ಲಾಂಟಾ ಪ್ರದೇಶದ ಬಾಡಿಗೆಯ ಬಿಡಿ ಮನೆಗಳಲ್ಲಿ ಶೇ 25, ಜಾಕ್ಸನ್‌ವಿಲ್‌ನಲ್ಲಿ ಶೇ 21, ಶಾರ್ಲಟ್‌ನಲ್ಲಿ ಶೇ 18 ಅವುಗಳ ಬಳಿ ಇದ್ದವು. ದೇಶದ ಸರಾಸರಿ ನೋಡಿ ‘ಇದೇನು ಮಹಾ’ ಎನ್ನುವವರು ನನ್ನ ಮಗಳ ಶಾಲೆಯ ಸುತ್ತಲಿನ ಬೀದಿಗಳನ್ನು ನೋಡಬೇಕು. ಬಾಡಿಗೆದಾರರಿಗೆ ಆದ ತೊಂದರೆಯೂ ದಾಖಲಾಗಿದೆ: ದೊಡ್ಡ ಕಂಪನಿ ಮಾಲೀಕರು ಮನೆ ಖಾಲಿ ಮಾಡಿಸುವ ಅರ್ಜಿ ಹಾಕುವ ಸಾಧ್ಯತೆ ಸಣ್ಣ ಮಾಲೀಕರಿಗಿಂತ ಹೆಚ್ಚೆಂದು ಅಟ್ಲಾಂಟಾದ ಫೆಡರಲ್ ರಿಸರ್ವ್ ಬ್ಯಾಂಕಿನ 2016ರ ಅಧ್ಯಯನ ತೋರಿಸಿತು. 2024ರ ಸೆಪ್ಟೆಂಬರ್‌ನಲ್ಲಿ, ಬಾಡಿಗೆಯ ಜಾಹೀರಾತಿನಲ್ಲಿ ತೋರಿಸದ ಶುಲ್ಕಗಳನ್ನು ವಸೂಲಿ ಮಾಡಿದ ಆರೋಪವೂ ಸೇರಿದಂತೆ ಕೆಲವು ಆರೋಪಗಳ ಇತ್ಯರ್ಥಕ್ಕೆ ಇನ್ವಿಟೇಷನ್ ಹೋಮ್ಸ್ 4.8 ಕೋಟಿ ಡಾಲರ್ ಕೊಡಲು ಒಪ್ಪಿತು.

ಅಂದಹಾಗೆ, ಸೋಮೇಶ್ವರಪುರಂನಲ್ಲಿರುವ ನಮ್ಮ ತಂದೆಯವರ ಮನೆಯನ್ನು ನಾನೂ ಬಾಡಿಗೆಗೆ ಕೊಟ್ಟಿದ್ದೇನೆ. ಊರಿಗೆ ಹೊರಗಿನ ಮಾಲೀಕ ಎಂದು ಬೈಯುವುದಾದರೆ ನನ್ನನ್ನೂ ಸೇರಿಸಿಯೇ ಬೈಯಿರಿ.

ನಿವೃತ್ತ ಬ್ಯಾಂಕ್ ನೌಕರ

ಅಟ್ಲಾಂಟಾದ ಸ್ನೇಹಿತರಿಗೆ ಒಂದು ಕಿವಿಮಾತು. ಮಾಲೀಕರು ಅನಿವಾಸಿಯಾಗಿದ್ದರೆ, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬಾಡಿಗೆದಾರರು ಶೇ 30ಕ್ಕೂ ಹೆಚ್ಚನ್ನು ಟಿಡಿಎಸ್ ಎಂದು, ಅಂದರೆ ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆಯಾಗಿ, ಕಡಿತ ಮಾಡಿ ಕಟ್ಟಬೇಕು. ತಿಂಗಳಿಗೆ ₹50,000ದ ಮಿತಿ ಅನ್ವಯಿಸುವುದು ಇಲ್ಲಿಯ ನಿವಾಸಿ ಮಾಲೀಕರಿಗೆ ಮಾತ್ರ. ತುಮಕೂರಿನಲ್ಲಿ ಇದನ್ನು ಪಾಲಿಸುವ ಬಾಡಿಗೆದಾರರು ಸಿಕ್ಕರೆ ಅವರಿಗೆ ಸನ್ಮಾನ ಮಾಡಬೇಕು.

ನಾಲ್ಕು ಮನೆಯ ಮಾಲೀಕ

ಇಲ್ಲಿ ಯಾರ ಬಗ್ಗೆ ಮಾತಾಡುತ್ತಿದ್ದಾರೋ ಅವರಲ್ಲಿ ನಾನೊಬ್ಬ, ಆದ್ದರಿಂದ ನನ್ನ ಮಾತನ್ನೂ ಕೇಳಬೇಕು. ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸಿ ಉಳಿಸಿದ ಹಣದಲ್ಲಿ ಮರಳೂರಿನ ಕಡೆ ಎರಡು, ಬಟವಾಡಿಯ ಹಿಂದೆ ಎರಡು ಮನೆ ಮಾಡಿದ್ದೇನೆ. ನನಗೆ ಪಿಂಚಣಿ ಇಲ್ಲ. ಷೇರುಪೇಟೆ ನನಗೆ ತಿಳಿಯದು. ಚೀಟಿಯಲ್ಲಿ ಕಳೆದುಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮಂಥವರಿಗೆ ನೆಲ ಬಿಟ್ಟರೆ ಇನ್ಯಾವುದರಲ್ಲಿ ಧೈರ್ಯ ಬರುತ್ತದೆ?

ನಾನು ಬಾಡಿಗೆಗೆ ಕೊಟ್ಟಿರುವುದರಿಂದಲೇ ಆ ನಾಲ್ಕು ಕಟ್ಟಡಗಳಲ್ಲಿ ಏಳು ಸಂಸಾರಗಳು ಇವೆ. ನಾನು ಕೊಳ್ಳದಿದ್ದರೆ ಅವರೇ ಕೊಳ್ಳುತ್ತಿದ್ದರು ಎಂದು ಹೇಳುವವರು, ಅವರಲ್ಲಿ ಎಷ್ಟು ಜನರ ಬಳಿ ₹80 ಲಕ್ಷ ಇತ್ತೆಂಬುದನ್ನೂ ಹೇಳಬೇಕು. ಊರಿಗೆ ಬಾಡಿಗೆ ಮನೆಯೂ ಬೇಕು. ಎರಡು ವರ್ಷಕ್ಕೆ ವರ್ಗವಾಗಿ ಬರುವ ಸರ್ಕಾರಿ ನೌಕರ ಮನೆ ಕೊಂಡು ಏನು ಮಾಡುತ್ತಾನೆ? ಇನ್ನು ರಿಪೇರಿಯ ವಿಷಯದಲ್ಲಿ ಬ್ಯಾಂಕಿನವರು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದಾರೆ. ನನ್ನ ಮನೆಗಳ ಸಂಪು, ಟ್ಯಾಂಕ್ ಎಲ್ಲವನ್ನೂ ಹಬ್ಬಕ್ಕೆ ಮುಂಚೆ ನಾನೇ ಬಂದು ತೊಳೆಸುತ್ತೇನೆ.

ಕ್ಯಾತ್ಸಂದ್ರದಿಂದ

ಮಾಲೀಕರು ಒಳ್ಳೆಯವರೋ ಕೆಟ್ಟವರೋ ಎಂಬುದಕ್ಕಿಂತ, ಅವರ ಹಣಕಾಸು ಎಡವಿದರೆ ಒಳಗಿರುವವರ ಗತಿ ಏನೆಂಬುದು ನನ್ನ ಚಿಂತೆ. ನಾವು ಭೋಗ್ಯಕ್ಕೆ ಮನೆ ಹಿಡಿದಿದ್ದೆವು. ಈ ಪದ್ಧತಿ ಹೊರರಾಜ್ಯದವರಿಗೆ ಹೊಸದೆನಿಸಬಹುದು: ಒಂದು ದೊಡ್ಡ ಮೊತ್ತವನ್ನು ಮಾಲೀಕರ ಕೈಗೆ ಕೊಟ್ಟು, ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ವಾಸವಿದ್ದು, ಬಿಡುವಾಗ ಅಷ್ಟೂ ಹಣವನ್ನು ಮರಳಿ ಪಡೆಯುವುದು. ತಿಂಗಳ ಬಾಡಿಗೆ ಉಳಿಯುತ್ತದೆಂದು ನಾನು, ನಮ್ಮ ಯಜಮಾನರು ಸೇರಿ ಒಡವೆ ಮಾರಿ ಹಣ ಹೊಂದಿಸಿದ್ದೆವು. ಅವಧಿ ಮುಗಿದಾಗ ಮಾಲೀಕರು, ಇನ್ನೊಬ್ಬರು ಭೋಗ್ಯಕ್ಕೆ ಬಂದರೆ ಅವರಿಂದ ಪಡೆದು ನಿಮಗೆ ಕೊಡುತ್ತೇನೆ ಎಂದರು. ಆಮೇಲೆ ತಿಳಿಯಿತು, ಅವರು ಬೇರೆ ಊರಿನಲ್ಲಿ ಇನ್ನೊಂದು ಮನೆ ಕೊಳ್ಳಲು ಈ ಮನೆಯ ಪತ್ರಗಳನ್ನು ಬ್ಯಾಂಕಿನಲ್ಲಿ ಇಟ್ಟಿದ್ದರು, ನಮ್ಮ ಹಣವೂ ಅಲ್ಲಿಗೇ ಹೋಗಿತ್ತು. ಒಂದು ದಿನ ಬ್ಯಾಂಕಿನವರು ಬಂದು ಗೋಡೆಗೆ ನೋಟಿಸ್ ಅಂಟಿಸಿ ಹೋದರು.

ನಮ್ಮ ಹಣದಲ್ಲಿ ಸ್ವಲ್ಪ ಬಂದಿದೆ, ಇನ್ನೂ ಬರಬೇಕಾದದ್ದಿದೆ. ಬಾಡಿಗೆಗಿಂತ ಭೋಗ್ಯ ಲಾಭ ಎಂದು ಹೇಳುವ ಬ್ರೋಕರುಗಳಿಗೆ, ಆ ಮನೆಯ ಮೇಲೆ ಸಾಲವಿದೆಯೇ ಎಂದು ಕೇಳಿದರೆ ಮಾತು ಬದಲಾಯಿಸುತ್ತಾರೆ.

ವೇದಿಕೆಯ ನಿರ್ವಾಹಕರು

ಯಾವ ಮಾಲೀಕರ, ಬ್ರೋಕರುಗಳ ಅಥವಾ ಬ್ಯಾಂಕಿನ ಶಾಖೆಯ ಹೆಸರನ್ನೂ ಇಲ್ಲಿ ಬರೆಯಬಾರದೆಂದು ವಿನಂತಿ. ಹಾಗೆ ಬರೆದ ಎರಡು ಪ್ರತಿಕ್ರಿಯೆಗಳನ್ನು ತೆಗೆದುಹಾಕಲಾಗಿದೆ.

ಸಿವಿಲ್ ವಕೀಲ

ಕ್ಯಾತ್ಸಂದ್ರದ ಸಹೋದರಿಯವರು ಹೇಳಿದಂಥ ಪ್ರಕರಣಗಳು ನಮ್ಮ ಕಚೇರಿಗೆ ಬರುತ್ತಲೇ ಇರುತ್ತವೆ. ಹಣ ಕೊಟ್ಟು ಸ್ವಾಧೀನ ಪಡೆದು ಬಡ್ಡಿ-ಬಾಡಿಗೆ ಎರಡೂ ಇಲ್ಲದೆ ಇರುವ ವ್ಯವಹಾರ, 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಭೋಗ್ಯ ಅಡಮಾನವಾಗುತ್ತದೆ. ₹100 ಅಥವಾ ಅದಕ್ಕೂ ಮೀರಿದ ಇಂಥ ಅಡಮಾನಕ್ಕೆ ನೋಂದಾಯಿತ ಪತ್ರವೇ ಆಗಬೇಕು. ಆದರೆ ನೋಂದಣಿಯ ಖರ್ಚು ಉಳಿಸಲು ಎರಡೂ ಕಡೆಯವರು ಛಾಪಾ ಕಾಗದದ ಮೇಲೆ 11 ತಿಂಗಳ ಕರಾರು ಬರೆದು ಸುಮ್ಮನಾಗುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ 11 ತಿಂಗಳು ಎಂಬ ಈ ಲೆಕ್ಕ ಬಂದಿದೆ. ನೋಂದಣಿಯಾಗದ ವ್ಯವಹಾರ, ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ (ಇಸಿ) ಕಾಣುವುದಿಲ್ಲ. ಮೊದಲೇ ಸಾಲ ಕೊಟ್ಟ ಬ್ಯಾಂಕು ಬಾಕಿ ಸಾಲದ ವಸೂಲಿಗೆಂದು ಇರುವ 2002ರ ಸರ್ಫೇಸಿ ಕಾಯ್ದೆಯಡಿ ಮನೆಯನ್ನು ಹರಾಜಿಗೆ ತಂದಾಗ ಒಳಗಿರುವವರ ಕೈಯಲ್ಲಿ ಗಟ್ಟಿಯಾದ ಹಕ್ಕು ಇರುವುದಿಲ್ಲ. ಭೋಗ್ಯಕ್ಕೆ ಹಣ ಕೊಡುವ ಮುನ್ನ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇಸಿ ತೆಗೆಸಿ ನೋಡಿ, ಮೂಲ ಪತ್ರಗಳು ಮಾಲೀಕರ ಬಳಿಯೇ ಇವೆಯೇ ಎಂದು ಕಣ್ಣಾರೆ ನೋಡಿ. ಪತ್ರಗಳ ಜೆರಾಕ್ಸ್ ತೋರಿಸಿದರೆ ಎದ್ದು ಬನ್ನಿ.

ಬಾಡಿಗೆ ನಿಯಂತ್ರಣ ಕಾನೂನು ರಕ್ಷಿಸುತ್ತದೆಂಬ ಭ್ರಮೆ ಕೆಲವರಿಗಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ, ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ ₹3,500 ಅಥವಾ ₹2,000 ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅನ್ವಯಿಸುವುದೇ ಇಲ್ಲ. ಇಂದಿನ ತುಮಕೂರಿನಲ್ಲಿ ಆ ಮಿತಿಯೊಳಗೆ ಒಂದು ಕೋಣೆಯೂ ಸಿಗದು. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದು, ಕರಾರು ಲಿಖಿತವಾಗಿಯೇ ಇರಬೇಕು ಎಂಬ ಒಳ್ಳೆಯ ಅಂಶಗಳಿವೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನಾಗಿ ಮಾಡಿಕೊಂಡಾಗಲಷ್ಟೇ ಜೀವ ಬರುತ್ತದೆ.

ಕೋಲಾರದ ಓದುಗ

ತುಮಕೂರಿನವರ ಚರ್ಚೆಗೆ ಕೋಲಾರದವನು ನುಗ್ಗಿದ್ದಕ್ಕೆ ಕ್ಷಮೆಯಿರಲಿ, ನಿಮ್ಮಲ್ಲಿ ಮುಂದೆ ಬರಬಹುದಾದದ್ದು ನಮ್ಮಲ್ಲಿ ಈಗಾಗಲೇ ಬಂದಿದೆ. ನರಸಾಪುರ ಮತ್ತು ವೇಮಗಲ್ ಕೈಗಾರಿಕಾ ಪ್ರದೇಶಗಳು ಬೆಳೆದ ಮೇಲೆ, ಅಲ್ಲಿ ಮೋಟರ್‌ಸೈಕಲ್ ಕಾರ್ಖಾನೆಯಿಂದ ಹಿಡಿದು ಐಫೋನ್ ಜೋಡಿಸುವ ಘಟಕದವರೆಗೆ ಸಾವಿರಾರು ಯುವಕ-ಯುವತಿಯರು ಕೆಲಸಕ್ಕೆ ಸೇರಿದ ಮೇಲೆ, ಸುತ್ತಲಿನ ಹಳ್ಳಿಗಳ ಬಿಡಿ ಮನೆಗಳಿಗೆ ಹೊಸ ಬಗೆಯ ಗಿರಾಕಿ ಬಂದ. ಅವನು ಮನೆಯನ್ನು ಕೊಳ್ಳುವುದಿಲ್ಲ, ವಾಸವೂ ಇರುವುದಿಲ್ಲ. ಮಾಲೀಕರಿಂದ ಇಡೀ ಮನೆಯನ್ನು ಬಾಡಿಗೆಗೆ ಹಿಡಿದು, ಹಾಲ್‌ಗೂ ಕೋಣೆಗೂ ಕಬ್ಬಿಣದ ಮಂಚಗಳನ್ನು ಹಾಕಿ, ಮಂಚದ ಲೆಕ್ಕದಲ್ಲಿ ತಲೆಗಿಷ್ಟು ಎಂದು ವಸೂಲಿ ಮಾಡುತ್ತಾನೆ. ಸಂಸಾರಕ್ಕೆ ಕೊಟ್ಟರೆ ₹9,000 ಬರುವ ಮನೆಗೆ ಮಂಚದ ಲೆಕ್ಕದಲ್ಲಿ ಅದರ ಎರಡು-ಮೂರು ಪಟ್ಟು ಹುಟ್ಟುವುದಾದರೆ, ಯಾವ ಮಾಲೀಕ ತಾನೇ ಮಗು-ಮರಿ ಇರುವ ಸಂಸಾರಕ್ಕೆ ಕೊಡುತ್ತಾನೆ? ಬ್ಯಾಂಕಿನವರ ಶೇ 3ರ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ. ಬಾಡಿಗೆಯೇ ಲಾಭದಾಯಕವಾದ ಜಾಗದಲ್ಲಿ ದೊಡ್ಡ ಕೈಗಳೂ ಬರಬಹುದು.

ಇನ್ನೊಂದು ಮಾತು. ಒಂದೇ ಕಂಪನಿಯ ಕೈಯಲ್ಲಿ ಊರಿನ ಮನೆಗಳೆಲ್ಲ ಇರುವುದು ಹೇಗಿರುತ್ತದೆಂದು ತಿಳಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ, ಕೆಜಿಎಫ್‌ಗೆ ಬಂದರೆ ಸಾಕು. ಬಂಗಲೆಯಿಂದ ಕಾರ್ಮಿಕರ ಲೈನ್ ಮನೆಯವರೆಗೆ ಎಲ್ಲವೂ ಗಣಿ ಕಂಪನಿಯದೇ ಆಗಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದಾಗ ಕೆಲಸ ಹೋಯಿತು, ಸಂಸಾರಗಳು ಅದೇ ಮನೆಗಳಲ್ಲಿ ಉಳಿದವು, ಮನೆ ತಮ್ಮ ಹೆಸರಿಗಾಗಲಿ ಎಂಬ ಕೂಗು ಅಂದಿನಿಂದ ಕೇಳಿಬರುತ್ತಲೇ ಇದೆ.

ಪಾಳಿ ಕೆಲಸಗಾರ

ಕೋಲಾರದವರು ಹೇಳಿದ ಮಂಚದ ಮನೆ ವಸಂತನರಸಾಪುರದ ಕಡೆಗೂ ಬಂದಿದೆ. ನಾನು ಅಂಥದ್ದರಲ್ಲಿ ಇದ್ದೆ, ಮದುವೆಯಾದ ಮೇಲೆ ಶಿರಾ ಗೇಟ್ ಕಡೆ ಎರಡು ಕೋಣೆಯ ಮನೆಗೆ ಬಂದೆ. ಮಾಲೀಕರ ಮುಖ ನೋಡಿಲ್ಲ, ಫೋನ್‌ಪೇಯಲ್ಲಿ ಹೆಸರು ಮಾತ್ರ ನೋಡಿದ್ದೇನೆ.

ಶೆಟ್ಟಿಹಳ್ಳಿ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಆದರೆ ನನ್ನ ಮೂಲ ಪ್ರಶ್ನೆಗೆ ಉತ್ತರ ಇನ್ನೂ ಅರ್ಧದಲ್ಲಿದೆ. ನಾಲ್ಕು ಮನೆಯ ಮಾಲೀಕರು, ಬಾಡಿಗೆದಾರರ ಬಳಿ ₹80 ಲಕ್ಷ ಇತ್ತೇ ಎಂದು ಕೇಳಿದ್ದಾರೆ. ಇರಲಿಲ್ಲ ಎನ್ನುವುದು ಸರಿ. ಆದರೆ ಅದಕ್ಕಲ್ಲವೇ ಗೃಹಸಾಲ ಇರುವುದು? ನನ್ನ ಸಹೋದ್ಯೋಗಿಯೊಬ್ಬರು, ಗಂಡ-ಹೆಂಡತಿ ಇಬ್ಬರೂ ಶಿಕ್ಷಕರು, ಸಂಬಳ ಚೆನ್ನಾಗಿಯೇ ಇದೆ, ಕಂತು ಕಟ್ಟುವ ಶಕ್ತಿಯಿದೆ, ಆದರೂ ನಮ್ಮ ರಸ್ತೆಯಲ್ಲಿ ಎರಡು ಸಲ ಮಾತುಕತೆ ಮುರಿದುಬಿತ್ತು. ಎರಡು ಸಲವೂ ಬೆಂಗಳೂರಿನವರು ಕೊಂಡರು, ಅದೂ ಇವರು ಹೇಳಿದ್ದಕ್ಕಿಂತ ಹೆಚ್ಚೇನೂ ಕೊಡದೆ. ಹೆಚ್ಚು ಬೆಲೆ ಕೊಟ್ಟು ಗೆಲ್ಲುವುದಿಲ್ಲವಾದರೆ ಇನ್ನು ಹೇಗೆ ಗೆಲ್ಲುತ್ತಾರೆ?

ನಿವೃತ್ತ ಬ್ಯಾಂಕ್ ನೌಕರ

ಈಗ ಸರಿಯಾದ ಪ್ರಶ್ನೆ ಬಂತು. ಸಾಲದ ಮೇಜಿನ ಈಚೆ ಕಡೆ ಕುಳಿತು ಕಂಡದ್ದನ್ನು ವಿವರವಾಗಿ ಬರೆಯುತ್ತೇನೆ.

ಮನೆ ಕೊಳ್ಳಲು ಬಂದ ಸಂಬಳದಾರನಿಗೆ ಮೊದಲ ತಡೆ ಕೈಯಿಂದ ಹಾಕಬೇಕಾದ ಹಣ. ರಿಸರ್ವ್ ಬ್ಯಾಂಕಿನ ನಿಯಮದಂತೆ ₹30 ಲಕ್ಷದವರೆಗಿನ ಸಾಲವಾದರೆ ಆಸ್ತಿಯ ಮೌಲ್ಯದ ಶೇ 90, ₹30ರಿಂದ 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75ರಷ್ಟು ಮಾತ್ರ ಸಾಲ ಕೊಡಬಹುದು. ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕವನ್ನು ಸಾಮಾನ್ಯವಾಗಿ ಈ ಮೌಲ್ಯದಲ್ಲಿ ಸೇರಿಸುವುದಿಲ್ಲ. ನಮ್ಮ ರಾಜ್ಯದಲ್ಲಿ 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದ ಮೇಲೆ ಎಲ್ಲ ಸೇರಿ ಶೇ 7.6ರಷ್ಟಾಗುತ್ತದೆ. ₹80 ಲಕ್ಷದ ಮನೆಗೆ ₹60 ಲಕ್ಷದ ಸಾಲ ಸಿಕ್ಕರೂ ₹26 ಲಕ್ಷ ಕೈಯಲ್ಲಿರಬೇಕು.

ಆ ಶಿಕ್ಷಕ ದಂಪತಿಗೆ ಅದೂ ಇದ್ದಿರಬಹುದು. ಎರಡನೆಯ ತಡೆ ದಾಖಲೆಯದು, ನನ್ನ ಅನುಭವದಲ್ಲಿ ಇದೇ ದೊಡ್ಡದು. ತುಮಕೂರಿನ ಸುತ್ತ ಬೆಳೆದ ಬಡಾವಣೆಗಳಲ್ಲಿ ಕೃಷಿಯೇತರ ಬಳಕೆಗೆ ಭೂಪರಿವರ್ತನೆಯಾಗಿ, ನಗರಾಭಿವೃದ್ಧಿ ಪ್ರಾಧಿಕಾರದಿಂದ ನಕ್ಷೆ ಮಂಜೂರಾಗಿ, ನಂತರ ನಿವೇಶನಗಳಾದವು ಒಂದು ಕಡೆ. ಕೃಷಿ ಜಮೀನಿನಲ್ಲೇ ಸುಣ್ಣದ ಗೆರೆ ಎಳೆದು ಮಾರಿದ ಕಂದಾಯ ನಿವೇಶನಗಳು ಇನ್ನೊಂದು ಕಡೆ. ಎರಡನೆಯ ಬಗೆಯಲ್ಲೂ ಚೆಂದದ ಮನೆಗಳಿವೆ, ನಲ್ಲಿ-ಕರೆಂಟು ಎಲ್ಲ ಇದೆ. 2025ರಲ್ಲಿ ಸರ್ಕಾರ ಇಂಥವಕ್ಕೆ ಬಿ-ಖಾತಾ ಕೊಡುವ ಅಭಿಯಾನವನ್ನೂ ನಡೆಸಿತು. ಆದರೆ ಬಿ-ಖಾತಾ ಎಂದರೆ ತೆರಿಗೆ ವಸೂಲಿಗೆ ಒಂದು ಲೆಕ್ಕ. ಅನಧಿಕೃತವಾದದ್ದು ಅದರಿಂದ ಅಧಿಕೃತವಾಗುವುದಿಲ್ಲ. ಅಂಥ ಮನೆಗೆ ಸಾಲ ಕೊಡಿ ಎಂದು ಬಂದರೆ ನಮ್ಮ ಕಾನೂನು ಸಲಹೆಗಾರರು ಕಡತವನ್ನು ಮೊದಲ ಪುಟಕ್ಕೇ ಮುಚ್ಚುತ್ತಿದ್ದರು. ಬಡ್ಡಿ ಹೆಚ್ಚಿಟ್ಟು ಸಾಲ ಕೊಡುವ ಖಾಸಗಿ ಫೈನಾನ್ಸ್‌ಗಳಿವೆ, ಅಲ್ಲಿ ಕಂತು ಸಂಬಳವನ್ನು ನುಂಗುತ್ತದೆ. ಇನ್ನು ಕೈಯಲ್ಲಿ ಪೂರ್ತಿ ಹಣವಿರುವವನಿಗೆ ಬ್ಯಾಂಕಿನ ಅಪ್ಪಣೆ ಬೇಕಿಲ್ಲ. ಅವನು ಆ ದೋಷವನ್ನೇ ತೋರಿಸಿ ಚೌಕಾಸಿ ಮಾಡಿ, ಮುಂದೆ ಎಂದಾದರೂ ಸಕ್ರಮವಾಗುತ್ತದೆಂದು ಕಾಯುತ್ತಾನೆ.

ಮೂರನೆಯದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದೆ, ಎಲ್ಲರಿಗೂ ತಿಳಿದದ್ದೇ ಆದ್ದರಿಂದ ಹೇಳುತ್ತೇನೆ. ಮಾರುವವರಲ್ಲಿ ಹಲವರು ಪತ್ರದಲ್ಲಿ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯಾದ ಮಾರ್ಗಸೂಚಿ ದರವನ್ನು ಮಾತ್ರ ತೋರಿಸಿ ಉಳಿದದ್ದನ್ನು ನಗದಾಗಿ ಕೇಳುತ್ತಾರೆ. ಆಸ್ತಿ ವ್ಯವಹಾರದಲ್ಲಿ ₹20,000 ಮತ್ತು ಅದಕ್ಕೂ ಮೇಲೆ ನಗದು ಪಡೆಯಲು ಕಾನೂನು ಬಿಡುವುದಿಲ್ಲ ಎಂಬುದು ಬೇರೆ ಮಾತು. ಸಾಲ ಪಡೆಯುವವನಿಗೆ ಪೂರ್ತಿ ಬೆಲೆ ಪತ್ರದಲ್ಲಿ ಕಾಣಲೇಬೇಕು, ಇಲ್ಲದಿದ್ದರೆ ಅಷ್ಟು ಸಾಲ ಮಂಜೂರಾಗದು. ಸಾಲ ಮಂಜೂರಾಗಲು ವಾರಗಟ್ಟಲೆ ಕಾಯಬೇಕು ಬೇರೆ. ಮಾರುವವನ ಮುಂದೆ ಒಂದೇ ಬೆಲೆ ಹೇಳುವ ಇಬ್ಬರು ನಿಂತರೆ, ಅವನು ಯಾರಿಗೆ ಕೊಡುತ್ತಾನೆಂದು ನೀವೇ ಹೇಳಿ.

ಅಟ್ಲಾಂಟಾದಲ್ಲಿರುವ ತುಮಕೂರಿನವ

ಇದನ್ನು ಓದಿ ಆಶ್ಚರ್ಯವಾಯಿತು, ಏಕೆಂದರೆ ಇಲ್ಲಿಯೂ ಕಂಪನಿಗಳು ಗೆದ್ದದ್ದು ಇದೇ ಬಾಗಿಲಿನಿಂದ. ಜಾರ್ಜಿಯಾ ರಾಜ್ಯದಲ್ಲಿ ಸಾಲ ಕಟ್ಟದ ಮನೆಗಳ ಹರಾಜು ಪ್ರತಿ ತಿಂಗಳ ಮೊದಲ ಮಂಗಳವಾರ ಕೌಂಟಿಯ ನ್ಯಾಯಾಲಯದ ಮೆಟ್ಟಿಲ ಬಳಿ ನಡೆಯುತ್ತದೆ. ಕೂಗಿದವನು ಆಗಲೇ ಪೂರ್ತಿ ಹಣಕ್ಕೆ ಬ್ಯಾಂಕಿನ ಖಾತರಿಯುಳ್ಳ ಚೆಕ್ ಕೊಡಬೇಕು. ಮನೆಯೊಳಗೆ ಹೋಗಿ ನೋಡುವ ಅವಕಾಶವಿಲ್ಲ, ಪತ್ರದಲ್ಲಿ ತೊಡಕಿದ್ದರೆ ಅದು ಅವನ ಹಣೆಬರಹ. ಗೃಹಸಾಲ ನಂಬಿದ ಸಾಮಾನ್ಯ ಸಂಸಾರ ಅಲ್ಲಿಗೆ ಕಾಲಿಡುವಂತೆಯೇ ಇರಲಿಲ್ಲ. 2012ರ ಹೊತ್ತಿಗೆ ಮನೆ ಅಗ್ಗವಾಗಿತ್ತು, ಬಡ್ಡಿಯೂ ಅಗ್ಗವಾಗಿತ್ತು, ಆದರೆ ಕೈ ಸುಟ್ಟುಕೊಂಡ ಬ್ಯಾಂಕುಗಳು ಸಾಮಾನ್ಯರಿಗೆ ಸಾಲ ಕೊಡುವುದನ್ನು ಬಿಗಿ ಮಾಡಿದ್ದವು. ದೊಡ್ಡವರಿಗೆ ಮಾತ್ರ ಹಣ ಸಿಗುತ್ತಿತ್ತು. ಅಗ್ಗದ ಮನೆಗಳ ಕಾಲವನ್ನು ಊರಿನವರು ಹೊರಗೆ ನಿಂತು ನೋಡಿದರು.

ನಾಲ್ಕು ಮನೆಯ ಮಾಲೀಕ

ನಾನು ನಾಲ್ಕನ್ನೂ ಚೆಕ್ ಮೂಲಕವೇ ಕೊಂಡಿದ್ದೇನೆ ಎಂದು ದಾಖಲಿಸಲು ಬಯಸುತ್ತೇನೆ. ಆದರೆ ಎರಡು ಮನೆಗಳ ದಾಖಲೆ ಬಿ-ಖಾತಾದಲ್ಲೇ ಇದೆ, ಆ ಕಾರಣಕ್ಕೇ ಅವು ನನಗೆ ಕಡಿಮೆಗೆ ಸಿಕ್ಕವು ಎಂಬುದು ನಿಜ. ಕಳೆದ ವರ್ಷ ಮಗಳ ಓದಿಗೆಂದು ಅವುಗಳಲ್ಲಿ ಒಂದನ್ನು ಒಳಗಿರುವ ಬಾಡಿಗೆದಾರರಿಗೇ ಮಾರಲು ಮುಂದಾದೆ. ಒಳ್ಳೆಯ ಜನ, ಇಬ್ಬರೂ ದುಡಿಯುತ್ತಾರೆ. ಬ್ಯಾಂಕು ಸಾಲ ಕೊಡಲಿಲ್ಲ. ಈಗ ಕೇಳುತ್ತಿರುವವರು ಯಲಹಂಕದ ಒಬ್ಬರು.

ಸಿವಿಲ್ ವಕೀಲ

ಮಾಲೀಕರ ಸಂಖ್ಯೆಯನ್ನು ಮಿತಿಗೊಳಿಸುವ ಕಾನೂನು ತರಬೇಕೆಂದು ನನ್ನ ಇನ್‌ಬಾಕ್ಸಿಗೆ ಕೆಲವರು ಬರೆದಿದ್ದಾರೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ 2020ರಲ್ಲಿ ತೆಗೆದುಹಾಕಿದ ರಾಜ್ಯದಲ್ಲಿ ಅದು ಸದ್ಯಕ್ಕೆ ನಡೆಯುವ ಮಾತಲ್ಲ. ಆಗಬಹುದಾದದ್ದು ಎಣಿಕೆ. ಇ-ಖಾತಾಗೆ, ಅಂದರೆ ಆಸ್ತಿಯ ಡಿಜಿಟಲ್ ದಾಖಲೆಗೆ, ಮಾಲೀಕರ ಆಧಾರ್ ಜೋಡಣೆ ನಡೆಯುತ್ತಿರುವಾಗ, ಒಬ್ಬರ ಹೆಸರಿನಲ್ಲಿ ಎಷ್ಟು ಮನೆಗಳಿವೆ ಎಂಬುದನ್ನು, ಹೆಸರು ಬಯಲು ಮಾಡದೆ, ವಾರ್ಡುವಾರು ಅಂಕಿಯಾಗಿ ಪಾಲಿಕೆ ಪ್ರಕಟಿಸಬಹುದು. ಬೆಂಗಳೂರಿನ ಆಸ್ತಿ ತೆರಿಗೆಯಲ್ಲಿ ಸ್ವಂತ ವಾಸದ ಮನೆಗೊಂದು ದರ, ಬಾಡಿಗೆಗೆ ಕೊಟ್ಟದ್ದಕ್ಕೆ ಅದರ ಎರಡರಷ್ಟು ದರ ಇರುವಂತೆ ಇಲ್ಲಿಯೂ ವಿಂಗಡಣೆ ಮಾಡಬಹುದು.

ನಾಲ್ಕು ಮನೆಯ ಮಾಲೀಕ

ವಕೀಲರೇ, ಎರಡು ದರ ಮಾಡಿದರೆ ಮರುದಿನವೇ ತುಮಕೂರಿನ ಎಲ್ಲ ಮನೆಗಳೂ ಸ್ವಂತ ವಾಸದವಾಗುತ್ತವೆ. ಬಾಡಿಗೆ ಕರಾರು ಬರೆದುಕೊಡುವವರೂ ನಿಲ್ಲಿಸುತ್ತಾರೆ, ಅಲ್ಲಿಗೆ ಬಾಡಿಗೆದಾರರ ಕೈಯಲ್ಲಿರುವ ಒಂದು ಕಾಗದವೂ ಹೋಗುತ್ತದೆ. ಎಣಿಕೆಗೆ ನನ್ನ ಆಕ್ಷೇಪವಿಲ್ಲ.

ಕ್ಯಾತ್ಸಂದ್ರದಿಂದ

ಕರಾರು ಬರೆದುಕೊಡುವುದಿಲ್ಲ ಎಂಬ ಮಾತನ್ನು ಅವರು ಅಷ್ಟು ಸಲೀಸಾಗಿ ಹೇಳಿದ್ದು ನೋಡಿ ಬೇಸರವಾಯಿತು. ಈಗಿರುವ ಮನೆಯಲ್ಲಿ ನಮಗೆ ಕರಾರು ಇಲ್ಲ. ಮಗನ ಶಾಲೆಗೆ, ಗ್ಯಾಸ್ ಸಂಪರ್ಕಕ್ಕೆ ವಿಳಾಸದ ದಾಖಲೆ ಕೇಳಿದಾಗಲೆಲ್ಲ ತವರಿನ ವಿಳಾಸ ಕೊಡುತ್ತೇವೆ.

ನಿವೃತ್ತ ಬ್ಯಾಂಕ್ ನೌಕರ

ತೆರಿಗೆಯ ವಾದಕ್ಕಿಂತ ಮೊದಲು ಆಗಬೇಕಾದದ್ದು ದಾಖಲೆಯ ಕೆಲಸವೆಂದೇ ನನ್ನ ಅಭಿಪ್ರಾಯ. 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ನಗರ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ, ವರ್ಷಕ್ಕೆ ₹9 ಲಕ್ಷದವರೆಗೆ ಆದಾಯವಿರುವ, ಎಲ್ಲೂ ಪಕ್ಕಾ ಮನೆ ಇಲ್ಲದ ಸಂಸಾರಕ್ಕೆ ₹35 ಲಕ್ಷದವರೆಗಿನ ಮನೆಗೆ ₹25 ಲಕ್ಷದವರೆಗೆ ಸಾಲ ಮಾಡಿದರೆ ಗರಿಷ್ಠ ₹1.80 ಲಕ್ಷ ಬಡ್ಡಿ ಸಹಾಯಧನವಿದೆ. ನಮ್ಮೂರಿನಲ್ಲಿ ಆ ಬೆಲೆಗೆ ಸಿಗುವ ಬಿಡಿ ಮನೆಗಳಲ್ಲಿ ಹೆಚ್ಚಿನವು ಊರಂಚಿನ ಕಂದಾಯ ನಿವೇಶನಗಳಲ್ಲಿವೆ, ಅವಕ್ಕೆ ಬ್ಯಾಂಕು ಸಾಲ ಕೊಡದು, ಸಾಲವಿಲ್ಲದೆ ಸಹಾಯಧನವೂ ಬಾರದು. ಪಾಳಿ ಕೆಲಸಗಾರರೇ, ನೀವಿರುವ ಮನೆ ಮಾರಾಟಕ್ಕೆ ಬಂದರೆ ಕೊಳ್ಳುವ ಮನಸ್ಸಿದೆಯೇ? ಇದ್ದರೆ ಖಾತಾ ಯಾವುದೆಂದು ವಿಚಾರಿಸಿ ನನಗೆ ಸಂದೇಶ ಕಳಿಸಿ, ಪತ್ರಗಳನ್ನು ನೋಡಿಕೊಡುತ್ತೇನೆ.

ಪಾಳಿ ಕೆಲಸಗಾರ

ಸರ್, ಮನಸ್ಸೇನೋ ಇದೆ. ಆದರೆ ನಾನು ಗುತ್ತಿಗೆದಾರರ ಕೆಳಗೆ ಇರುವವನು, ಸಂಬಳದ ಚೀಟಿ ಕೆಲವು ತಿಂಗಳು ಒಬ್ಬರ ಹೆಸರಿನಲ್ಲಿ ಬರುತ್ತದೆ, ಆಮೇಲೆ ಇನ್ನೊಬ್ಬರ ಹೆಸರಿನಲ್ಲಿ. ಇದಕ್ಕೆ ಬ್ಯಾಂಕು ಒಪ್ಪುತ್ತದೆಯೇ ಎಂಬುದನ್ನು ಮೊದಲು ಹೇಳಿ. ಖಾತಾ ವಿಷಯವನ್ನು ಭಾನುವಾರ ಫೋನ್ ಮಾಡಿ ಮಾಲೀಕರನ್ನು ಕೇಳುತ್ತೇನೆ.

ನಿವೃತ್ತ ಬ್ಯಾಂಕ್ ನೌಕರ

ಬರೇ ಚೀಟಿ ಸಾಲದು. ಪಿಎಫ್ ಖಾತೆಯ ಯುಎಎನ್ ಸಂಖ್ಯೆ ಒಂದೇ ಆಗಿ ಮುಂದುವರಿದಿದ್ದರೆ, ಗುತ್ತಿಗೆದಾರ ಬದಲಾದರೂ ಕೆಲಸ ನಿರಂತರವಾಗಿದೆ ಎಂದು ತೋರಿಸಲು ಅದು ನೆರವಾಗುತ್ತದೆ. ಪಾಸ್‌ಬುಕ್ ಡೌನ್‌ಲೋಡ್ ಮಾಡಿ, ಬ್ಯಾಂಕಿನ ಒಂದು ವರ್ಷದ ಸ್ಟೇಟ್‌ಮೆಂಟ್ ಜೊತೆಗಿಡಿ. ನಿಮ್ಮ ಶ್ರೀಮತಿಯವರಿಗೂ ಆದಾಯವಿದ್ದರೆ ಅರ್ಜಿಯನ್ನು ಜಂಟಿಯಾಗಿ ಹಾಕಿ.